ಬಯೋಡೇಟಾ ಆಂಟಿಯ ಅರಿಶಿನ

ಆಂಟಿಯ ಕಂಪ್ಯೂಟರಿನಲ್ಲಿ ಎಂಟರ್ ಕೀ ಒಂದೇ ಹಳದಿ. ಉಳಿದವೆಲ್ಲ ಬಳಸಿ ಬಳಸಿ ಕಪ್ಪಾಗಿದ್ದವು. ಅವರ ಬಲಗೈ ಉಂಗುರದ ಬೆರಳಿಗೆ ಸದಾ ಅರಿಶಿನ ಮೆತ್ತಿಕೊಂಡಿರುತ್ತಿತ್ತು, ಎಂಟರ್ ಒತ್ತುವುದೂ ಅದೇ ಬೆರಳಲ್ಲಿ. ಡೊಂಬಿವಲಿ ಪೂರ್ವದ ಒಂದು ಗಲ್ಲಿಯಲ್ಲಿ, ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಝೆರಾಕ್ಸ್ ಅಂಗಡಿ. ಆದರೆ ನಮ್ಮ ಕನ್ನಡದವರಿಗೆ ಅವರು ಬಯೋಡೇಟಾ ಆಂಟಿ. ಮದುವೆಗೆ ಬಂದ ಮಕ್ಕಳ ವಿವರ ಕೇಳಿ, ಬರೆದು, ಇಪ್ಪತ್ತು ಪ್ರತಿ ತೆಗೆದು, ಒಂದೊಂದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಡುತ್ತಿದ್ದರು. ಹಚ್ಚದ ಪ್ರತಿ ಅಂಗಡಿಯಿಂದ ಹೊರಬೀಳುತ್ತಿರಲಿಲ್ಲ. "ಅರಿಶಿನ ಇಲ್ಲದಿದ್ದರೆ ಅದು ಬಾಡಿಗೆ ಅಗ್ರಿಮೆಂಟು," ಎನ್ನುತ್ತಿದ್ದರು. ಗಂಡ ಹೋದವಳು ಅರಿಶಿನ ಮುಟ್ಟಬಹುದೇ ಎಂದು ಒಬ್ಬ ಹೆಂಗಸು ಕೇಳಿದ್ದಕ್ಕೆ, "ನಾನು ಹಚ್ಚುವುದು ಕಾಗದಕ್ಕೆ, ನನ್ನ ಕೆನ್ನೆಗಲ್ಲ," ಅಂದಿದ್ದರಂತೆ.

ಮೊದಲ ಸಲ ನಾನು ಆ ಅಂಗಡಿಗೆ ಹೋದದ್ದು ವರನಾಗಿ.

ಆಗ ನನಗೆ ಇಪ್ಪತ್ತಾರು. ಅಪ್ಪ ಗದಗದ ಕಡೆಯವರು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ದಲಾಲಿ. ಮನೆ ಕಲ್ಯಾಣದಲ್ಲಿ. ನಾನು ಹೆಣ್ಣು ಎನ್ನುವುದು ನನಗೆ ಎಂದೋ ಗೊತ್ತಿತ್ತು. ಮನೆಯಲ್ಲಿ ಹೇಳುವ ಬಾಯಿ ಮಾತ್ರ ಬಂದಿರಲಿಲ್ಲ. ವ್ಯಾಪಾರದ ಮಾತಿನಲ್ಲಿ ಎಂಥವನನ್ನೂ ಬಗ್ಗಿಸುತ್ತಿದ್ದವಳು ಅಪ್ಪ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾ ಕೂತಿದ್ದೆ.

"ಹುಡುಗ ಭಾಳ ಸಂಭಾವಿತ ಅದಾನ್ರೀ. ಚಟಾ ಇಲ್ಲ ಅಂತ ದಪ್ಪ ಅಕ್ಷರದಾಗ ಹಾಕ್ರಿ," ಎಂದು ಅಪ್ಪ ಹೇಳಿ ಬರೆಸುತ್ತಿದ್ದರು. ಆಂಟಿ ಟೈಪು ಮಾಡುತ್ತಾ ಮಾಡುತ್ತಾ ನನ್ನ ಕಿವಿ ನೋಡಿದರು. ವಾರದ ಹಿಂದೆ ಠಾಣೆಯಲ್ಲಿ ಯಾರಿಗೂ ಹೇಳದೆ ಚುಚ್ಚಿಸಿಕೊಂಡಿದ್ದೆ. ಕಡ್ಡಿ ತೆಗೆದಿಟ್ಟು ಬಂದಿದ್ದರೂ ತೂತು ಕೆಂಪಗಿತ್ತು.

"ಎರಡೂ ಕಿವಿಯಾ?" ಎಂದರು ಮೆಲ್ಲಗೆ.

"ಏನಂದ್ರಿ?" ಎಂದರು ಅಪ್ಪ.

"ಎಂತ ಇಲ್ಲ. ಎತ್ತರ ಎಷ್ಟು ಅಂತ ಕೇಳಿದೆ."

ಎರಡು ದಿನ ಬಿಟ್ಟು ಬನ್ನಿ ಅಂದವರು ಒಂದೂವರೆ ತಿಂಗಳು ಅಲೆಸಿದರು. ಒಮ್ಮೆ ಪ್ರಿಂಟರ್ ಹಾಳು. ಒಮ್ಮೆ ಟೋನರ್ ಬಂದಿಲ್ಲ. ಅದೆಲ್ಲ ಸರಿಹೋದ ಮೇಲೆ ಅರಿಶಿನ ಊರಿಂದ ಬರಬೇಕು, ಕುಂದಾಪುರದ ಬಸ್ಸಿನಲ್ಲಿ ಕಳಿಸಿದ್ದಾರೆ, ಕಟ್ಟು ಎಲ್ಲೋ ತಪ್ಪಿಹೋಗಿದೆ. ಅಪ್ಪ ರೇಗಿ ನನ್ನನ್ನೇ ಅಟ್ಟಿದರು. ನಾನೂ ಸುಮ್ಮನಿರುವ ಜಾತಿಯಲ್ಲ. "ಇಷ್ಟು ಕಾಯಿಸಿದ್ದಕ್ಕೆ ಎರಡು ಪ್ರತಿ ಹೆಚ್ಚು ಕೊಡಬೇಕು ನೀವು," ಎಂದು ಜಗಳ ತೆಗೆದೆ. ನನ್ನ ಉರುಲಿಗೆ ನಾನೇ ಚೌಕಾಸಿ! ಆಂಟಿ ನನ್ನನ್ನು ನೋಡಿ, "ನಿನಗೆ ಅಷ್ಟು ಅವಸರ ಉಂಟಾ?" ಎಂದರು. ಎದ್ದು ಬಂದೆ.

ಆ ಒಂದೂವರೆ ತಿಂಗಳ ಕೊನೆಗೆ ನಾನು ಮನೆ ಬಿಟ್ಟೆ. ಬದಲಾಪುರದಲ್ಲಿ ಕೋಣೆ ಹಿಡಿದೆ. ಕಾಗದ ಕೈಗೆ ಬಂದಿದ್ದರೆ ಹೆಣ್ಣು ನೋಡುವುದು ಶುರುವಾಗುತ್ತಿತ್ತು, ಶುರುವಾಗಿದ್ದರೆ ನಾನು ಹೊರಡುತ್ತಿರಲಿಲ್ಲ. ಆದರೆ ಅದನ್ನು ಆಂಟಿಯ ಲೆಕ್ಕಕ್ಕೆ ನಾನು ಹಾಕಿರಲಿಲ್ಲ. ಸೋಮಾರಿ ಹೆಂಗಸು ಎಂದೇ ತಿಳಿದಿದ್ದೆ.

ಮೂರು ವರ್ಷ ಏನೇನೋ ಮಾಡಿದೆ. ಪಾರ್ಲರಿನಲ್ಲಿ ಇಟ್ಟುಕೊಂಡರು, ಗಿರಾಕಿಗಳು ಗೊಣಗಿದರು ಎಂದು ಬಿಡಿಸಿದರು. ಕೊನೆಗೆ ಕ್ಯಾಮೆರಾ ಎದುರು ಕೂರುವ ಕೆಲಸ. ವೆಬ್‌ಸೈಟಿನಲ್ಲಿ ನಮ್ಮದೊಂದು ಪುಟ ಇರುತ್ತದೆ. ಫೋಟೋ, ನಾಲ್ಕು ಸಾಲು ಪರಿಚಯ. ಗಂಡಸರು ಅದನ್ನು ನೋಡಿ, ನಿಮಿಷದ ಲೆಕ್ಕದಲ್ಲಿ ದುಡ್ಡು ಕಟ್ಟಿ ವಿಡಿಯೋದಲ್ಲಿ ಒಳಗೆ ಬರುತ್ತಾರೆ. ನನ್ನಲ್ಲಿಗೆ ಬಂದವರು ಅರ್ಧ ನಿಮಿಷಕ್ಕೆ ಬೈದು ಹೋಗುತ್ತಿದ್ದರು. ಪುಟ ನಿಲ್ಲದಿದ್ದರೆ ಕೋಣೆ ನಿಲ್ಲದು. ಕೋಣೆ ಹೋದರೆ ಕಲ್ಯಾಣ, ಅಪ್ಪ, ಮತ್ತೆ ವರನ ವೇಷ. ಆಗ ತಲೆಗೆ ಹೊಳೆಯಿತು: ಮನುಷ್ಯರನ್ನು ಒಂದು ಹಾಳೆಯಲ್ಲಿ ಒಪ್ಪಿಸಬಲ್ಲವರು ಈ ಕಡೆ ಒಬ್ಬರೇ ಇದ್ದಾರೆ.

ಸೀರೆಯುಟ್ಟು ಝುಮಕಿ ಹಾಕಿಕೊಂಡು ಹೋದೆ. ಗುರುತು ಹೇಳಬೇಕಾಗಲಿಲ್ಲ.

"ಅಂತೂ ಎರಡೂ ಕಿವಿ ತುಂಬಿತು," ಎಂದರು ಆಂಟಿ. "ಕೂತ್ಕೊ ಮಾರಾಯ್ತಿ."

ಕೆಲಸ ಏನೆಂದು ಮುಚ್ಚಿಡದೆ ಹೇಳಿದೆ. ಬರೀ ಮಾತಲ್ಲ, ನೋಡುವುದೂ ಇರುತ್ತದೆ ಎಂದೆ. ಬೈಯುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಒಂದೇ: "ಬಾಗಿಲು ಯಾರ ಕೈಲುಂಟು?"

"ನನ್ನ ಕೈಲೇ. ಒಂದು ಬಟನ್ ಒತ್ತಿದರೆ ಅವನು ಹೊರಗೆ."

"ಹಾಗಾದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ವಾಸಿ. ಅಲ್ಲಿ ಉಪ್ಪಿಟ್ಟು ತಿಂದು ಮುಗಿಸುವವರೆಗೆ ಎಬ್ಬಿಸುವ ಹಾಗಿಲ್ಲ."

ನನ್ನ ಪುಟವನ್ನು ಕನ್ನಡಕ ಏರಿಸಿ ಓದಿದರು. ವಯಸ್ಸು ಇಪ್ಪತ್ತೆರಡು ಎಂದು ಹಾಕಿದ್ದೆ. ಹೊಡೆದು ಇಪ್ಪತ್ತೊಂಬತ್ತು ಬರೆದರು. ಫೋಟೋ ತೊಳೆದು ಬೆಳ್ಳಗೆ ಮಾಡಿದ್ದೆ. "ಇದು ಯಾರು, ನಿನ್ನ ತಂಗಿಯಾ? ಕಾಗದದ ಹುಡುಗಿ ಒಬ್ಬಳು, ಕಾಫಿ ತರುವವಳು ಇನ್ನೊಬ್ಬಳು ಆದರೆ ಅವರು ಬೈಯದೆ ಎಂತ ಮಾಡುತ್ತಾರೆ? ನೀನು ಯಾರು ಅನ್ನುವುದು ಎಷ್ಟನೇ ಸಾಲಲ್ಲುಂಟು?"

"ಕೊನೇ ಸಾಲು."

"ಮೊದಲನೇದಕ್ಕೆ ತಾ. ಎರಡನೇ ಮದುವೆಯವರಿಗೆ ನಾನು ಬರೆಯುವುದೇ ಹಾಗೆ. ಡೈವೋರ್ಸ್ ಅಂತ ಮೇಲೇ ಇದ್ದರೆ, ಬರುವವ ಅದನ್ನು ದಾಟಿಯೇ ಬರುವವ. ಮತ್ತೆ ಕೂತು ವಿವರಿಸುವ ದಣಿವಿಲ್ಲ."

ಇಲ್ಲಿ ನಾನು ಬಿಡಲಿಲ್ಲ. ಮೊದಲ ಸಾಲಲ್ಲೇ ಹಾಕಿದರೆ ಅರ್ಧ ಜನ ಬರುವುದೇ ಇಲ್ಲ ಎಂದು ವಾದಿಸಿದೆ. ಎರಡನೇ ಸಾಲಿಗೆ ಒಪ್ಪಿ ಎಂದು ಕೇಳಿದೆ. ತರಕಾರಿ ಮಾರ್ಕೆಟ್ಟಿನ ಚೌಕಾಸಿಯೇ. ಅವರು ಒಂದು ಸಾಲೂ ಇಳಿಯಲಿಲ್ಲ.

ಕೆಳಗೆ "ನೀವು ಹೇಳಿದ್ದೆಲ್ಲ ಮಾಡುವೆ" ಎಂದು ಬರೆದಿದ್ದೆ. ಅಲ್ಲಿ ಆಂಟಿಯ ಬೆರಳು ನಿಂತಿತು.

"ನನ್ನ ಬಯೋಡೇಟಾ ನನ್ನ ದೊಡ್ಡಪ್ಪ ಬರೆದದ್ದು. 'ಹುಡುಗಿ ಹೊಂದಿಕೊಂಡು ಹೋಗುವವಳು' ಅಂತ ಹಾಕಿದ್ದರು. ಅದೊಂದು ಸಾಲು ನೋಡಿ ಒಪ್ಪಿದ ಮನೆ ಅದು. ಇಪ್ಪತ್ತೆರಡು ವರ್ಷ ಹೊಂದಿಕೊಂಡೆ." ಬೆರಳು ಎಂಟರ್ ಬಿಟ್ಟು ಡಿಲೀಟ್ ಒತ್ತಿತು. ಆ ಕೀಗೂ ಅವತ್ತು ಸ್ವಲ್ಪ ಹಳದಿಯಾಯಿತು.

ಆಮೇಲೆ ಫೋಟೋದ ಹಿಂದಿನ ಗೋಡೆ ತೋರಿಸಿದರು. ಅಲ್ಲೊಂದು ಕನ್ನಡ ಕ್ಯಾಲೆಂಡರು, ಸ್ಟೇಷನ್ ಹತ್ತಿರದ ಹೋಟೆಲಿನವರು ವರ್ಷಾರಂಭಕ್ಕೆ ಹಂಚಿದ್ದು. ಹೋಟೆಲಿನ ಹೆಸರು, ಊರು, ಫೋನು, ಎಲ್ಲ ಕೊರೆದ ಹಾಗೆ ಕಾಣುತ್ತಿತ್ತು. ಅಪ್ಪನ ಪರಿಚಯದವರು ಒಬ್ಬರು ನೋಡಿದ್ದರೆ ಸಾಕಿತ್ತು.

"ವರನ ಕಡೆಯವರು ಮೊದಲು ನೋಡುವುದು ಹುಡುಗಿಯನ್ನಲ್ಲ, ಗೋಡೆಯನ್ನು. ಫ್ರಿಜ್ ಎಷ್ಟು ಬಾಗಿಲಿನದು, ಫ್ಯಾನು ಯಾವ ಕಾಲದ್ದು. ಗೋಡೆ ಮಾತಾಡುತ್ತದೆ ಮಾರಾಯ್ತಿ. ನಿನಗೆ ಬೇಕಾದ್ದನ್ನೇ ಮಾತಾಡಿಸು."

ಭಿವಂಡಿಯ ಮಗ್ಗದ ಚೂರು ಬಟ್ಟೆ ತಂದು ನಾನೇ ಹೊಲಿದ ಕೌದಿಯೊಂದು ಕೋಣೆಯಲ್ಲಿತ್ತು. ಅದನ್ನು ಹಿಂದೆ ಕಟ್ಟಲು ಹೇಳಿ, ಪರಿಚಯದಲ್ಲೂ ಸೇರಿಸಿದರು. "ಬಂದವನಿಗೆ ಕೇಳಲಿಕ್ಕೆ ಒಂದು ಪ್ರಶ್ನೆ ನಾವೇ ಕೊಡಬೇಕು. ಇಲ್ಲದಿದ್ದರೆ ಅವ ತನ್ನದೇ ಪ್ರಶ್ನೆ ಕೇಳುತ್ತಾನೆ." ಕೊನೆಗೆ ಪುಟ ಹೀಗಾಯಿತು: "ನಾನು ಟ್ರಾನ್ಸ್ ಹೆಣ್ಣು. ವಯಸ್ಸು ಇಪ್ಪತ್ತೊಂಬತ್ತು. ನಾಲ್ಕು ಭಾಷೆ ಬರುತ್ತದೆ, ಜಗಳ ನಾಲ್ಕರಲ್ಲೂ. ಹಿಂದಿನ ಕೌದಿ ನಾನೇ ಹೊಲಿದದ್ದು. ಅವಸರ ಇರುವವರು ಮುಂದೆ ಹೋಗಿ." ಅದನ್ನೇ ಇಂಗ್ಲಿಷಿಗೂ ಹಾಕಿಕೊಟ್ಟರು. ಒಂದು ಪ್ರತಿ ಪ್ರಿಂಟು ತೆಗೆದರು. ಕಂಪ್ಯೂಟರಿಗೆ ಹೋಗುವುದಕ್ಕೆ ಕಾಗದ ಯಾಕೆ ಎಂದೆ. "ನಿನಗಲ್ಲ, ನನ್ನ ಫೈಲಿಗೆ," ಎಂದರು.

ಪುಟ ನಿಂತಿತು. ಬಂದವರು ಕಡಿಮೆ, ಹೋದವರು ಇನ್ನೂ ಕಡಿಮೆ. ಎಂಟು ವರ್ಷ ಅದರ ಮೇಲೆ ಬದುಕಿದೆ. ಈ ಕೆಲಸ ಮಾಡುವ ತಂಗಿಯರಿಗೆ ಹೇಳುತ್ತೇನೆ, ಇದರಲ್ಲಿ ಮೊದಲು ದಣಿಯುವುದು ಮೈಯಲ್ಲ, ಕೆನ್ನೆ. ನಕ್ಕು ನಕ್ಕು. ನಾನು ಕ್ಯಾಮೆರಾ ಬಿಟ್ಟ ದಿನ ಕನ್ನಡಿ ಎದುರು ಸುಮ್ಮನೆ ಮುಖ ಇಳಿಬಿಟ್ಟು ಕೂತಿದ್ದೆ. ಎಷ್ಟು ಆರಾಮವಾಗಿತ್ತು! ಈಗ ಬೇರೆಯವರ ಪುಟ ಬರೆದುಕೊಡುತ್ತೇನೆ. ಅದೂ ದಣಿವೇ, ಆದರೆ ಕೂತು ದಣಿಯುವುದು.

ಆಂಟಿಗೆ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಡಯಾಲಿಸಿಸ್ ದಿನಗಳಲ್ಲಿ ಎರಡು ಸಲ ಹೋಗಿದ್ದೆ. ಕೈ ಊದಿಕೊಂಡಿತ್ತು, ಬೆರಳಲ್ಲಿ ಹಳದಿ ಇರಲಿಲ್ಲ. "ಎಡಗೈಗೆ ಸೂಜಿ, ಬಲಗೈಗೆ ಸೂಜಿ. ಎರಡೂ ಕೈ," ಎಂದು ನನ್ನ ಕಿವಿ ನೋಡಿ ನಕ್ಕರು. ಮೂರನೇ ಸಲ ಹೋಗುವಷ್ಟರಲ್ಲಿ ಮುಗಿದಿತ್ತು.

ಹದಿಮೂರನೇ ದಿನ ಕಳೆದ ಮೇಲೆ ಅವರ ಸೊಸೆ ಫೋನು ಮಾಡಿದಳು. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ತಿಳಿಯುತ್ತದೆ, ಓದಲು ಬಾರದು. ಅಂಗಡಿ ಖಾಲಿ ಮಾಡುತ್ತಿದ್ದಳು. ನಾನು ಹೋದಾಗ ಒಂದು ದಪ್ಪ ಕವರು ಕೊಟ್ಟು, "ದೀದಿ, ಫೋಟೋ ಆಪ್ ಜೈಸಾ ಲಗಾ. ಊಪರ್ ಕ್ಯಾ ಲಿಖಾ ಹೈ?" ಎಂದಳು. ಫೋಟೋ ನನ್ನ ಹಾಗೆ ಕಂಡಿತಂತೆ, ಮೇಲೆ ಬರೆದದ್ದು ಏನೆಂದು ತಿಳಿಯಲಿಲ್ಲವಂತೆ.

ಮೇಲೆ ಆಂಟಿಯ ಅಕ್ಷರದಲ್ಲಿ ಬರೆದಿತ್ತು: ಎರಡೂ ಕಿವಿಯವಳು.

ಒಳಗೆ ನನ್ನ ವರನ ಬಯೋಡೇಟಾ. ಚಟ ಇಲ್ಲ ಎಂದು ದಪ್ಪ ಅಕ್ಷರ. ಇಪ್ಪತ್ತೂ ಪ್ರತಿ, ಸುಕ್ಕಿಲ್ಲದೆ. ಅಡಿಯಲ್ಲಿ ಪ್ರಿಂಟಾದ ತಾರೀಖು. ಅಪ್ಪ ನನ್ನನ್ನು ಕರೆದುಕೊಂಡು ಹೋದ ದಿನದ್ದೇ. ಪ್ರಿಂಟರ್ ಹಾಳಾಗಿರಲಿಲ್ಲ. ಟೋನರ್ ಇತ್ತು. ನಾನು ಜಗಳ ತೆಗೆದ ದಿನವೂ ಈ ಪ್ರತಿಗಳ ಕಟ್ಟು ಅವರ ಮೇಜಿನ ಒಳಗೇ ಇತ್ತು. ಇಪ್ಪತ್ತರ ಒಂದು ಮೂಲೆಯಲ್ಲೂ ಅರಿಶಿನವಿಲ್ಲ.

ಎಲ್ಲಕ್ಕಿಂತ ಕೆಳಗೆ ಇಪ್ಪತ್ತೊಂದನೇ ಹಾಳೆ. ನಾನು ಟ್ರಾನ್ಸ್ ಹೆಣ್ಣು, ವಯಸ್ಸು ಇಪ್ಪತ್ತೊಂಬತ್ತು. ನಾಲ್ಕು ಮೂಲೆಗೂ ಹಳದಿ, ಬೆರಳಿನ ಗೆರೆ ಸಮೇತ.

ಆ ಒಂದನ್ನು ಆಧಾರ್ ಕಾರ್ಡಿನ ಜೊತೆ ಇಟ್ಟಿದ್ದೇನೆ. ಉಳಿದ ಇಪ್ಪತ್ತನ್ನು ಹರಿಯಲು ಮನಸ್ಸಾಗಲಿಲ್ಲ. ಹಿಂಬದಿ ಖಾಲಿ, ಒಳ್ಳೇ ಕಾಗದ, ವ್ಯರ್ಥ ಯಾಕೆ? ಪುಟ ಬರೆಸಲು ಬಂದವಳ ಮೊದಲ ಸಾಲನ್ನು ಅದರ ಬೆನ್ನ ಮೇಲೇ ಬರೆಯುತ್ತೇನೆ. ಇನ್ನು ಏಳು ಉಳಿದಿವೆ.