ಬಿದ್ದವರ ಬಳಿಗೆ ಓಡುವವರು

ತ್ರಿಪ್ಪುಣಿತ್ತುರದ ಆ ನಿವೃತ್ತ ಬ್ಯಾಂಕ್ ಮ್ಯಾನೇಜರು ಬಹಳ ಕಾಲ ನನಗೆ ಬರೀ ದನಿಯಾಗಿದ್ದರು. ಸೊಂಟದ ಆಪರೇಷನ್ನಾಗಿ ತಿರುವನಂತಪುರದಲ್ಲಿ ಮಲಗಿದ್ದ ನನ್ನನ್ನು ಫೋನಿನಲ್ಲಿ ಆಡುವ, ಗುಂಡು ಹಾರಿಸುವ ಆನ್‌ಲೈನ್ ಆಟದ ತಂಡಕ್ಕೆ ಸೇರಿಸಿಕೊಂಡವರು ಅವರೇ.

ಎಲ್ಲರನ್ನೂ "ಊಟ ಆಯ್ತಾ?" ಎಂದು ವಿಚಾರಿಸದೆ ಅವರು ಆಟ ಶುರುಮಾಡುತ್ತಿರಲಿಲ್ಲ. ಗುಂಡು ತಗುಲಿ ನಾನು ಬಿದ್ದಾಗಲೆಲ್ಲ ಕಿವಿಯಲ್ಲಿ, ಮಂಗಳೂರಿನ ಶಾಖೆಯಲ್ಲಿದ್ದಾಗ ಅವರು ಕಲಿತ ಆ ಕಡೆಯ ಮಾತು: "ಹೆದರ್ಬೇಡಿ ಮಾರಾಯ್ರೆ, ನಾ ಬಂದೆ." ಪರದೆಯ ಮೇಲೆ ಓಡಿ ಬಂದು, ಪಕ್ಕದಲ್ಲಿ ಮಂಡಿಯೂರಿ ಎಬ್ಬಿಸುತ್ತಿದ್ದರು. ಹಾಸಿಗೆಯಿಂದ ಏಳಲಾರದವಳು ಆಟದಲ್ಲಿ ದಿನವೂ ಎದ್ದೆ.

ಒಮ್ಮೆ ಗೆಲುವು ಕೈಯಲ್ಲೇ ಇತ್ತು. ನನಗಾಗಿ ಹಿಂದಿರುಗಿ ಅವರೂ ಗುಂಡು ತಿಂದರು, ಆಟ ಸೋತೆವು. ತಂಡದ ಕೊಚ್ಚಿಯ ಹುಡುಗಿ ಸಿಡುಕಿದಳು: "ಆಂಟೀನ ಬಿಟ್ಟಿದ್ರೆ ಗೆಲ್ತಿದ್ವಿ ಅಂಕಲ್!"

"ಒಬ್ಬರನ್ನು ಬಿಟ್ಟು ಗೆದ್ದು ಎಂತ ಮಾಡುದು ಮೋಳೇ?" ಎಂದರು ಅವರು, ಮಲಯಾಳದಲ್ಲಿ ಮಗಳನ್ನು ಕರೆದಂತೆ.

ನಾನು ಕೋಲಿಲ್ಲದೆ ನಡೆಯುವಂತಾದ ಮೇಲೆ ಅವರು ನನ್ನನ್ನು ನೋಡಲು ರೈಲಿನಲ್ಲಿ ಬಂದರು. ತಿರುವನಂತಪುರದ ತಂಪಾನೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದೆ. ಬೋಗಿಯ ಬಾಗಿಲಲ್ಲಿ ಊರುಗೋಲು ಹಿಡಿದ ಮುದುಕರೊಬ್ಬರು ಇಳಿಯಲು ಅಂಜಿ ನಿಂತಿದ್ದರು. ನಾನು ಕಳಿಸಿದ್ದ ಫೋಟೊದಿಂದ ನನ್ನ ಗುರುತು ಹಿಡಿದು, "ಊಟ ಆಯ್ತಾ?" ಎಂದರು. ಅದೇ ದನಿ. ಆಟದಲ್ಲಿ ನನ್ನತ್ತ ಅಷ್ಟು ಓಡಿದವರ ಮಂಡಿ ಮೆಟ್ಟಿಲ ಮೇಲೆ ನಡುಗುತ್ತಿತ್ತು.

ಕೈ ಚಾಚಿದೆ. "ಹೆದರ್ಬೇಡಿ ಮಾರಾಯ್ರೆ," ಎಂದೆ, "ನಾ ಬಂದೆ."