ರಂಜಿತಾಳ ಕಿವಿ

ಕೊಟ್ಟಿಗೆಹಾರದ ರಂಜಿತಾಳ ಹೋಟೆಲಿನಲ್ಲಿ ನೀರುದೋಸೆ ಚೆನ್ನಾಗಿರುತ್ತದೆ. ದೋಸೆ ಹುಯ್ಯುತ್ತ ಎಲ್ಲ ಹೆಂಗಸರೂ ಏನಾದರೊಂದು ಗುನುಗುತ್ತಾರೆ; ಇವಳು ಗುನುಗಿದ್ದನ್ನು ಕೇಳಿದವರಿಲ್ಲ. ರೇಡಿಯೊವನ್ನೂ ಇಟ್ಟಿರಲಿಲ್ಲ. "ನಂಗೆ ಸಂಗೀತದ ಕಿವಿ ಇಲ್ಲ ಅಣ್ಣಾ," ಅನ್ನುತ್ತಿದ್ದಳು, ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂದಷ್ಟು ಸಲೀಸಾಗಿ.

ಆ ಕಿವಿ ಕಿತ್ತವರು ಯಾರೆಂದು ನನಗೆ ಗೊತ್ತು.

ತೊಂಬತ್ತರ ದಶಕದಲ್ಲಿ ಅವಳ ಅಪ್ಪ ಬಾಲರಾಜ್ ಮೂಡಿಗೆರೆ ಕಡೆಯ ಒಂದು ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಅಡುಗೆಯವನು. ಅಲ್ಲಿ ದೊರೆಗಳ ಕಾಲದ ಪಿಯಾನೊ ಇತ್ತು. ಎಸ್ಟೇಟ್ ಒಡತಿ ಸರೋಜಮ್ಮ ಒಳ್ಳೇ ಮನಸ್ಸಿನಿಂದಲೇ ಕೆಲವು ಮಕ್ಕಳಿಗೆ, ಅಡುಗೆಯವನ ಮಗಳಿಗೂ, ಪುಕ್ಕಟೆ ಪಾಠ ಶುರುಮಾಡಿದರು. ಅವರ ಬಂಗಲೆಯಲ್ಲಿ ಇನ್ನೊಂದು ಪಿಯಾನೊ. ಮಳೆಗಾಲ ಕಳೆದ ಮೇಲೆ ಪ್ರತಿವರ್ಷ ಬೆಂಗಳೂರಿಂದ ಒಬ್ಬ ಬಂದು ಅದರ ತಂತಿ ಬಿಗಿದು ಶ್ರುತಿ ಮಾಡಿ ಹೋಗುತ್ತಿದ್ದ. ಕ್ಲಬ್ಬಿನದಕ್ಕೆ ಯಾರೂ ಇಲ್ಲ. ಥಂಡಿ ಹಿಡಿಯಬಾರದೆಂದು ಇಸ್ಪೀಟಿನ ಬೀರುವಿನೊಳಗೆ ಬಲ್ಬು ಉರಿಸಿಡುತ್ತಿದ್ದರು, ಪಿಯಾನೊದೊಳಗೆ ಇಲ್ಲ.

"ಕಲಿಯೋರಿಗೆ ಇದು ಸಾಕು. ಕೈ ಕೂತ ಮೇಲೆ ನಮ್ಮನೇದರಲ್ಲಿ ನುಡಿಸುವಿಯಂತೆ," ಅನ್ನುತ್ತಿದ್ದರು ಸರೋಜಮ್ಮ.

ನಾನು ಸಂಗೀತ ಓದಿದವನಲ್ಲ. ಆದರೆ ಕಾಫಿತೋಟದ ನೆರಳುಮರ ಸವರಲು, ಮರಗಸಿಗೆ, ಬಂದ ಹೊಸಬನಿಗೆ ಮೊಂಡು ಕತ್ತಿ ಕೊಡುತ್ತೀರಾ ಸ್ವಾಮಿ? ಬಲ್ಲವನು ಅದರಲ್ಲೂ ಸುಧಾರಿಸಿಯಾನು. ತಪ್ಪು ಕತ್ತಿಯದೋ ತನ್ನದೋ ಅಂತ ಹೊಸಬ ಹೇಗೆ ತಿಳಿದಾನು?

ಮಳೆಗಾಲದಲ್ಲಿ ಆ ಪಿಯಾನೊದ ನಡುವಿನ ಒಂದು ಕೀ ಒತ್ತಿದರೆ ಮೇಲೇಳುತ್ತಿರಲಿಲ್ಲ, ಉಬ್ಬಿದ ಬಾಗಿಲಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ರಂಜಿತಾ ಅದನ್ನು ಹೆಬ್ಬೆರಳಲ್ಲಿ ಮೀಟಿ ಎಬ್ಬಿಸಿ ಮುಂದೆ ಹೋಗುವುದನ್ನು ಕಲಿತಳು. ತಂತಿ ಸಡಿಲಾಗಿ ಒಂದೊಂದು ಸ್ವರವೂ ಒಂದೊಂದು ಅಳತೆಯಲ್ಲಿ ಕೆಳಗಿಳಿದಿತ್ತು. ಅವೇ ಸ್ವರ ಅಂದುಕೊಂಡಳು. ಮತ್ತೇನು ಅಂದುಕೊಳ್ಳಬೇಕಿತ್ತು?

ಕೊನೆಗೊಮ್ಮೆ ಬಂಗಲೆಯಿಂದ ಕರೆ ಬಂತು. ಚೆನ್ನಾಗಿ ನುಡಿಸಿದರೆ ಮಂಗಳೂರಿಗೆ ಪರೀಕ್ಷೆಗೆ ಕಳಿಸುವುದೆಂದಿತ್ತು. ಕೂತು ಒತ್ತಿದಳು. ಬೇರೆ ಯಾರದೋ ದನಿ ಬಂತು. ನಿಲ್ಲಿಸಿ ಮತ್ತೆ ಶುರುಮಾಡಿದಳು. ತನ್ನ ಮನೆಯೊಳಗೆ ಗುರುತಿಲ್ಲದವರು ಕೂತಿದ್ದಾರೆ ಅನ್ನಿಸಿತಂತೆ. ಹೆಬ್ಬೆರಳು ತಾನಾಗೇ ಮೀಟಲು ಹೋಗಿ ಪಕ್ಕದ ಕೀ ಬಡಿಯಿತು. ಪ್ರತಿ ಸಾಲಿನಲ್ಲೂ ಬಡಿಯಿತು.

"ಇದೇನೇ ಮಾರಾಯ್ತಿ! ಕಿವಿ ಇಲ್ಲದೋರಿಗೆ ಎಷ್ಟು ಹೇಳಿಕೊಟ್ರೂ ಅಷ್ಟೇ. ಹೋಗು, ಅಪ್ಪನ ಹತ್ರ ಮಸಾಲೆ ಅರೆಯೋದು ಕಲಿ." ಸರೋಜಮ್ಮ ನಕ್ಕೇ ಹೇಳಿದ್ದು. ನಕ್ಕು ಹೇಳಿದ್ದೇ ಆಳಕ್ಕೆ ನಾಟುವುದು.

ಎರಡು ಸಾವಿರದ ಐದರಲ್ಲಿ ಕ್ಲಬ್ಬಿನವರು ಆ ಪಿಯಾನೊವನ್ನು ಸೌದೆ ಮಾಡಿಸುವಾಗ ನಾನು ಅಲ್ಲಿದ್ದೆ. ಮುಚ್ಚಳ ತೆಗೆದರೆ ಇಲಿಗೂಡು, ತುಕ್ಕು, ಬೂಸ್ಟು. ಒಡೆಯುವ ಮೊದಲು ಸಾಲಾಗಿ ಒತ್ತಿ ನೋಡಿದೆ. ಆ ಕುಂಟು ಸ್ವರಗಳು ತಲೆ ಬಿಟ್ಟು ಹೋಗಲೊಲ್ಲವು.

ನೇರ ಕೊಟ್ಟಿಗೆಹಾರಕ್ಕೆ ಹೋಗಿ ಆ ಪಿಯಾನೊದಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ರಂಜಿತಾಳಿಗೆ ಹೇಳಿದೆ. ಕಾವಲಿ ಮೇಲೆ ದೋಸೆ ಬಿಟ್ಟು ನಿಂತಳು.

"ಮೊದಲನೇ ಪಾಠ ನೆನಪಿದ್ಯಾ?" ಅಂದೆ.

ಗಿರಾಕಿಗಳಿಲ್ಲ ಅಂತ ಖಾತ್ರಿ ಮಾಡಿಕೊಂಡು ಬಾಯಿ ಬಿಟ್ಟಳು. ಬೆಳಿಗ್ಗೆ ಸೌದೆಯಾದ ಪಿಯಾನೊ ಅವಳ ಗಂಟಲಲ್ಲಿ ನುಡಿಯುತ್ತಿತ್ತು. ಇಳಿದ ಸ್ವರ ಇಳಿದಷ್ಟೇ, ಓರೆಯಾದದ್ದು ಓರೆಯಾದಷ್ಟೇ. ಕೇಳಿದ್ದನ್ನು ಕೂದಲೆಳೆಯಷ್ಟೂ ಆಚೀಚೆ ಮಾಡದೆ ಇಷ್ಟು ವರ್ಷ ಇಟ್ಟುಕೊಂಡಿದ್ದಳು.

"ಹಾಗಾದ್ರೆ ನನ್ನ ಕಿವಿ ಸರಿಯಿತ್ತಾ?"

"ಇತ್ತು. ಈಗ್ಲೂ ಇದೆ."

ಅವಳಿಗೆ ಖುಷಿಯಾಗಲಿಲ್ಲ. ಸೀದ ದೋಸೆ ಕೆರೆದು ತೆಗೆದಳು. "ಸರೋಜಮ್ಮೋರಿಗೆ ಯಾರಾದ್ರೂ ಹೇಳಿದ್ರಾ?"

ಆಗ ಇಲ್ಲ. ಈಗ, ಇದನ್ನು ಬರೆದು, ಹೇಳಿದ್ದೇನೆ.