ಚೌಗಲಾ ಮಾಸ್ತರರ ಭೂಕಂಪದ ಪಾಠ

ಇವತ್ತು ಮಧ್ಯಾಹ್ನ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ನಮ್ಮ ಮನೆಯ ಮುಂದೆ ಹಾದುಹೋಯಿತು. ಗೋಡೆಯ ಮಾಡದೊಳಗಿನ ಹಿತ್ತಾಳೆಯ ತಂಬಿಗೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಅಷ್ಟೇ. ನನಗೆ ಅರಿವಾಗುವಷ್ಟರಲ್ಲಿ ಊಟದ ತಟ್ಟೆ ಬಿಟ್ಟು, ಎಂಜಲ ಕೈಯಲ್ಲೇ ಅಂಗಳದಲ್ಲಿ ನಿಂತಿದ್ದೆ. ಸೊಸೆ ನಕ್ಕಳು. ನಗಲಿ ಬಿಡಿ, ಮೊಣಕಾಲು ನೋವೆಂದು ದಿನವೂ ನರಳುವ ಮುದುಕಿ ಮೊಲದ ಹಾಗೆ ಜಿಗಿದರೆ ಯಾರಿಗೆ ನಗು ಬರುವುದಿಲ್ಲ? ಆದರೆ ಈ ಕಾಲುಗಳಿಗೆ ಓಟ ಕಲಿಸಿದವರು ಯಾರೆಂದು ನಿಮಗಾದರೂ ಹೇಳಬೇಕು.

ಬ್ರಿಟಿಷರ ಕಾಲದ ಮಾತು. ನಾನಾಗ ಮೂಡಲಗಿಯ ಸಾಲೆಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ಭೂಗೋಳ ಕಲಿಸುತ್ತಿದ್ದ ಚೌಗಲಾ ಮಾಸ್ತರರು ಹುಕ್ಕೇರಿ ಕಡೆಯ ಜೈನರು. ಸಿಟ್ಟು ಬಂದರೆ ಮರಾಠಿಯಲ್ಲಿ ಬೈದು, ಸಮಾಧಾನವಾದ ಮೇಲೆ ಕನ್ನಡದಲ್ಲಿ ಕ್ಷಮಿಸುತ್ತಿದ್ದರು. ಒಂದು ವರ್ಷ ತಾಯಿಯನ್ನು ಕರೆದುಕೊಂಡು ಬಿಹಾರದ ಕಡೆ ಶಿಖರಜಿ ಯಾತ್ರೆಗೆ ಹೋದರು. ತಿರುಗಿ ಬಂದವರು ಅವರೊಬ್ಬರೇ.

ಬಂದ ಮೇಲೆ ಒಂದು ದಿನ ಹಸಿಮಣ್ಣಿನ ಪುಟ್ಟ ಮನೆಯೊಂದನ್ನು ಮೇಜಿನ ಮೇಲಿಟ್ಟು, ಮೇಜನ್ನು ಗಡಗಡ ಅಲ್ಲಾಡಿಸಿದರು. ಗೋಡೆ ಬಾಯಿ ಬಿಟ್ಟು ಮೇಲ್ಛಾವಣಿ ಕುಸಿಯಿತು. ನಾವು ನಕ್ಕೆವು. ಅವರು ನಗಲಿಲ್ಲ.

"ಯಾತ್ರಿ ಮುಗಿಸಿ ಧರ್ಮಶಾಲ್ಯಾಗ ಇಳದಿದ್ವಿ. ನೊಣ ಕೂತರ ಎತ್ತು ತೊಗಲು ನಡಗಸ್ತೈತಲ್ಲ, ಹಂಗ ನೆಲ ನಡಗಿತು. ನಾ ಹೊರಗ ಬಂದೆ. ನಮ್ಮವ್ವ ಗಂಟು ಕಟ್ಟಾಕ ನಿಂತ್ಲು."

ಅಂದಿನಿಂದ ನಮಗೆ ಹೊಸ ಪಾಠ. ಅವರು ಗಂಟೆ ಬಾರಿಸಿದ ಕೂಡಲೇ ಬಾಗಿಲ ಬಳಿಯವರು ಮೊದಲು, ಹಿಂದಿನವರು ಆಮೇಲೆ, ನೂಕದೆ ಬಯಲಿಗೆ ಬರಬೇಕು. "ಪಾಟಿ ಬಿಡ್ರಿ, ಪುಸ್ತಕ ಬಿಡ್ರಿ, ಜೀವ ಒಂದ ತಗೊಂಡ ಬರ್ರಿ!" ಸಮುದ್ರದ ಪಾಠವೂ ಆಯಿತು. ಭೂಮಿ ನಡುಗಿದ ಮೇಲೆ ದಂಡೆಯ ನೀರು ಹಿಂದೆ ಸರಿದರೆ ಮೀನು ಆರಿಸಲು ಹೋಗಬಾರದು, ಗುಡ್ಡ ಹತ್ತಬೇಕು. "ಮೂಡಲಗಿಗೆ ಸಮುದ್ರ ಎಲ್ಲಿಂದ ಬರ್ತೈತ್ರಿ?" ಎಂದು ನಾನು ಕೇಳಿದೆ. "ಅದು ಬರೂದಿಲ್ಲ, ಆದರ ನೀ ಹೋಗಬಹುದಲ್ಲ?" ಎಂದರು. ನಾನು ಗೋಕಾಕದ ಆಚೆಗೇ ಹೋಗಿರಲಿಲ್ಲ.

ಊರಿಗೆ ಇದು ಹಿಡಿಸಲಿಲ್ಲ. ಎಲ್ಲರಿಗಿಂತ ಹೆಚ್ಚು ಸಿಟ್ಟಾದವನು ನಮ್ಮಪ್ಪ. ಕಾಳಿನ ವ್ಯಾಪಾರಿ, ನಾಲ್ಕು ಜನ ಮಾತು ಕೇಳುವಂಥ ಮನುಷ್ಯ. ನೇರ ಹೆಡ್‌ಮಾಸ್ತರರ ಹತ್ತಿರ ಹೋದ. "ಸಾಲ್ಯಾಗ ಮನಿ ಬೀಳೂದು ಕಲಸ್ತಾರೇನ್ರಿ? ಬೆಳದ ಹುಡಿಗ್ಯಾರನ್ನ ಬಯಲಾಗ ಓಡಸ್ತಾರ!" ಮರುದಿನದಿಂದ ಗಂಟೆ ನಿಂತಿತು. ಮಾಸ್ತರರು ನದಿಗಳ ಹೆಸರು ಹೇಳಿಕೊಡುತ್ತ ನಡುನಡುವೆ ಛಾವಣಿಯ ತೊಲೆಗಳನ್ನು ನೋಡುತ್ತಿದ್ದರು.

ಆ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮದು ಕಲ್ಲಿನ ಗೋಡೆ, ಮೇಲೆ ಮಣ್ಣು ಹಾಸಿದ ಛಾವಣಿಯ ಮನೆ. ಒಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಹಿಟ್ಟಿನ ಮೇಲೆ ಚಿಟಿಕೆ ಮಣ್ಣು ಉದುರಿತು. "ಇಲಿ ಓಡಿರಬೇಕು" ಎಂದಳು. ಮತ್ತೆ ಉದುರಿತು. ಆಮೇಲೆ ತೊಲೆ ಸದ್ದು ಮಾಡಿತು, ಕಬ್ಬಿನ ಜಲ್ಲೆ ಮುರಿದ ಹಾಗೆ.

"ಹೊರಗ ನಡೀರಿ! ಏನೂ ಹಿಡೀಬ್ಯಾಡ್ರಿ!" ಎಂದು ಚೀರಿದೆ. ಮೂಲೆಯಲ್ಲಿ ಕೂತಿದ್ದ ಅಜ್ಜಿಯನ್ನು ಎಬ್ಬಿಸಿ ಅವ್ವನ ಕೈಗೆ ಕೊಟ್ಟು ಇಬ್ಬರನ್ನೂ ನೂಕಿದೆ. ಊಟಕ್ಕೆಂದು ಬಂದಿದ್ದ ಅಪ್ಪನೂ ಹೊಸ್ತಿಲು ದಾಟಿದ. ದಾಟಿದವನು ತಲೆ ಮುಟ್ಟಿಕೊಂಡ.

"ನನ್ನ ರುಮಾಲ!"

ಬರಿದಲೆಯಲ್ಲಿ ಅಪ್ಪ ಬೀದಿಗಿಳಿದದ್ದನ್ನು ಊರು ಕಂಡಿರಲಿಲ್ಲ. ಸಾವಾದ ಮನೆಯವರು ಮಾತ್ರ ಹಾಗೆ ಬರುವುದು. "ತಡಿ, ಗೂಟದ ಮ್ಯಾಲೈತಿ" ಎಂದು ಒಳಗೆ ತಿರುಗಿದ. ನಾನು ಎರಡೂ ಕೈಯಿಂದ ಅವನ ಮುಂಗೈ ಹಿಡಿದೆ.

"ಬಿಡ, ಹುಚ್ಚಿ!"

"ಬಿಡೂದಿಲ್ಲ!"

ಅಪ್ಪನಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಅವನು ನನ್ನ ಭುಜಕ್ಕೆ ಹೊಡೆದ. ಹೊಸ್ತಿಲಿಗೆ ಕಾಲು ಕೊಟ್ಟು ಜಗ್ಗಿದೆ. ಇಬ್ಬರೂ ಕಟ್ಟೆಯಿಂದ ಕೆಸರಿಗೆ ಉರುಳಿದೆವು. ಬೆನ್ನ ಹಿಂದೆ ಮನೆ ಕುಸಿದು ಕೂತಿತು. ಒಳಗೆ ಕಟ್ಟಿದ್ದ ಎಮ್ಮೆ ಒಮ್ಮೆ ಕೂಗಿತು. ಮತ್ತೆ ಕೂಗಲಿಲ್ಲ.

ಸಂಜೆ ಅಪ್ಪ ನನ್ನನ್ನು ಕರೆದುಕೊಂಡು ಮಾಸ್ತರರ ಮನೆಗೆ ನಡೆದ. ಯಾರೋ ಕೊಟ್ಟ ರುಮಾಲನ್ನು ಕಟ್ಟಿಕೊಳ್ಳಲಿಲ್ಲ. ಊರೆಲ್ಲ ನೋಡುತ್ತಿತ್ತು; ಅಪ್ಪ ರುಮಾಲಿಗಾಗಿ ಒಳಗೆ ತಿರುಗಿದ ಸುದ್ದಿ ಆಗಲೇ ಮಾಸ್ತರರವರೆಗೂ ಮುಟ್ಟಿತ್ತು.

"ಮಾಸ್ತರ್ರಿ, ನಿಮ್ಮ ಪಾಠ ನಿಲ್ಲಿಸಿದಾಂವ ನಾನ."

"ಗೊತ್ತೈತ್ರಿ."

"ನಾಳಿಂದ ಶುರು ಮಾಡ್ರಿ. ಹೆಡ್‌ಮಾಸ್ತರಿಗೆ ನಾ ಹೇಳ್ತೀನಿ."

ಮಾಸ್ತರರು ನನ್ನ ಕಡೆ ತಿರುಗಿದರು. "ಅಪ್ಪ ಒಳಗ ಹೊಂಟಾಗ ನೀ ಏನ ಮಾಡಿದಿ?"

"ಕೈ ಹಿಡದ ಜಗ್ಗಿದ್ನಿರಿ."

ಶಾಬಾಸ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಗೆ ಒರಗಿ ಕೂತುಬಿಟ್ಟರು. "ನಾ ಬಾಗಲದಾಗ ನಿಂತು ಬಾ ಅವ್ವಾ, ಬಾ ಅವ್ವಾ ಅಂತ ಒದರಿದೆ. ಅಷ್ಟ. ಕೈ ಹಿಡೀಬೇಕಂತ ನನಗ ಹೊಳೀಲೇ ಇಲ್ಲ."

ಅಪ್ಪ ಅವರ ಪಕ್ಕದಲ್ಲಿ ಕೂತ. ಮರುದಿನ ಗಂಟೆ ಮತ್ತೆ ಮೊಳಗಿತು. ಮಾಸ್ತರರು ಪಾಠಕ್ಕೆ ಒಂದು ಮಾತು ಸೇರಿಸಿದ್ದರು: "ನಿಂತಾವರನ್ನ ಕರೀಬ್ಯಾಡ್ರಿ, ಎಳಕೊಂಡ ಬರ್ರಿ."

ನಾನು ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗಿನದು ಸಿಮೆಂಟಿನ ಮನೆ, ಏನಾಗುತ್ತದೆ ಎಂಬ ಭಂಡ ಧೈರ್ಯ. ಇಷ್ಟು ಬರೆದು ಎದ್ದವಳು ಬಾಗಿಲಿಗೆ ಹೋಗಿ ನೋಡಿದೆ. ಮೊಮ್ಮಗ ತನ್ನ ಮೋಟಾರ್ ಸೈಕಲ್ಲನ್ನು ಎಂದಿನಂತೆ ಹೊಸ್ತಿಲಿಗೆ ಅಡ್ಡ ನಿಲ್ಲಿಸಿದ್ದ.

"ಇದನ್ನ ತಗಿ" ಎಂದೆ.

"ಯಾಕಬೇ ಆಯಿ?"

"ಮೊದಲ ತಗಿ. ಆಮ್ಯಾಲ ಕುಂದ್ರು, ಹೇಳ್ತೀನಿ. ನಿಮ್ಮವ್ವನ್ನೂ ಕರಿ."